ಅಲಸಂದಿಯ ನಂಜು ರೋಗ: ದುಡ್ಡು ಬೀಜಕ್ಕೋ, ಎಣ್ಣಿಗೋ?

ಜುಲೈ ಮುಗಿಯುತ್ತಾ ಬಂದಂತೆ ನನ್ನ ಫೋನಿಗೆ ಎಲೆಗಳ ಫೋಟೊ ಬರಲು ಶುರುವಾಗುತ್ತವೆ. ಆಳಂದದಿಂದ, ಚಿಂಚೋಳಿಯಿಂದ, ಬೀದರಿನ ಔರಾದ ಕಡೆಯಿಂದ, ಒಮ್ಮೊಮ್ಮೆ ಶಹಾಪುರದ ಕಾಲುವೆ ಹೊಲಗಳಿಂದ. ಅಲಸಂದಿಯ ಎಲೆ, ಅದರ ಮೇಲೆ ಹಸಿರು ಹಳದಿ ಚಿತ್ತಾರ, ಕೆಳಗೆ ಒಂದೇ ಸಾಲು: "ಯಾವ ಎಣ್ಣಿ ಹೊಡೀಬೇಕ್ರಿ?" ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು.

ಕೇಳುವವರ ಸಂಕಟ ನನಗೆ ಗೊತ್ತು. ಆದರೆ ಆ ಫೋಟೊ ಬರುವ ಹೊತ್ತಿಗೆ ರೋಗದ ಅರ್ಧ ಆಟ ಮುಗಿದಿರುತ್ತದೆ. ಯಾವ ಬೀಜ, ಯಾವ ತಳಿ, ಬದುವಿಗೆ ಏನು ಹಾಕಬೇಕು ಎಂಬುದೆಲ್ಲ ಮಿರಗದ ಮಳೆಗೆ ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಇದನ್ನು ಕೂರಿಗೆ ಕಟ್ಟುವ ಮೊದಲು ಓದುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ತೊಗರಿಯ ನಾಡು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಿಡ ಹೂ ಕಾಯಿ ಬಿಡದಂತೆ ಮಾಡುವ ತೊಗರಿಯ ಗೊಡ್ಡು ರೋಗದ ಬಗ್ಗೆ ಹಳ್ಳಿಯ ಹುಡುಗರೂ ಮಾತಾಡುತ್ತಾರೆ. ಅಲಸಂದಿಗೆ ಆ ಭಾಗ್ಯವಿಲ್ಲ. ಸಜ್ಜೆಯ ನಡುವೆ ಅಕ್ಕಡಿ ಸಾಲಾಗಿ, ಬದುವಿನ ಅಂಚಿಗೆ, ಮನೆಯ ಪಲ್ಯಕ್ಕೆ, ಪಂಚಮಿಯ ಉಸಳಿಗೆ, ದನದ ಮೇವಿಗೆ ಎಂದು ಬೆಳೆಯುತ್ತ ಬಂದ ಬೆಳೆ ಇದು. ಈಗ ಕಾಳಿಗೆಂದು ಎಕರೆಗಟ್ಟಲೆ ಬಿತ್ತುವವರಿದ್ದಾರೆ, ಹಸಿ ಕಾಯಿಗೆಂದು ಹನಿ ನೀರಾವರಿಯಲ್ಲಿ ಬೆಳೆಯುವವರಿದ್ದಾರೆ. ಬೆಳೆ ದೊಡ್ಡದಾಯಿತು, ರೋಗದ ತಿಳಿವಳಿಕೆ ಮಾತ್ರ ಬದುವಿನ ಅಂಚಿನಲ್ಲೇ ಉಳಿಯಿತು. ತೊಗರಿಯ ಗೊಡ್ಡು ರೋಗ ಕಣ್ಣಿಗೆ ಕಾಣದ ನುಸಿಯಿಂದ ಹರಡುತ್ತದೆ. ಅಲಸಂದಿಯ ಕಥೆ ಬೇರೆ. ಅಲ್ಲಿಯ ಉಪಾಯ ಇಲ್ಲಿ ನಡೆಯುವುದಿಲ್ಲ.

ಮೊದಲು ಗಿಡದ ಮುಂದೆ ಕುಳಿತು ನೋಡಿ

ನಮ್ಮ ಹೊಲಗಳಲ್ಲಿ ಅಲಸಂದಿಯನ್ನು ಕಾಡುವ ನಂಜು, ಅಂದರೆ ವೈರಸ್, ಮುಖ್ಯವಾಗಿ ಎರಡು ಜಾತಿಯದು. ಇವುಗಳ ವ್ಯತ್ಯಾಸ ತಿಳಿಯದೆ ಯಾವ ಆಯ್ಕೆಯನ್ನೂ ಹೋಲಿಸಲಾಗದು.

ಒಂದು ಮೊಸಾಯಿಕ್. ಎಲೆಯ ನರಗಳ ಗುಂಟ ಕಡು ಹಸಿರು, ನರಗಳ ನಡುವೆ ತಿಳಿ ಹಸಿರು. ಎಲೆ ಉಬ್ಬುತಗ್ಗಾಗಿ, ಬೊಬ್ಬೆ ಎದ್ದಂತೆ ಮುರುಟಿ, ಗಾತ್ರ ಕುಗ್ಗಿರುತ್ತದೆ. ಗಿಡ ಗಿಡ್ಡ, ಕಾಯಿ ಚಿಕ್ಕದು, ಸೊಟ್ಟ. ಇದನ್ನು ಹರಡುವುದು ಗಿಡದ ರಸ ಹೀರುವ ಸಸ್ಯಹೇನು. ಮುಖ್ಯವಾದ ಸಂಗತಿ ಏನೆಂದರೆ ಈ ನಂಜು ಬೀಜದ ಒಳಗೇ ಕುಳಿತು ಮುಂದಿನ ವರ್ಷಕ್ಕೆ ಬರುತ್ತದೆ.

ಎರಡನೆಯದು ಹಳದಿ ನಂಜು. ಎಲೆಯ ಮೇಲೆ ಅರಿಶಿನ ಚೆಲ್ಲಿದಂಥ ಚುಕ್ಕೆಗಳು ಬಂದು, ಒಂದಕ್ಕೊಂದು ಕೂಡಿ, ಕಡೆಗೆ ಇಡೀ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಎಲೆ ಅಷ್ಟಾಗಿ ಮುರುಟುವುದಿಲ್ಲ. ಹೆಸರು, ಉದ್ದಿನ ಹೊಲದಲ್ಲಿ ಕಾಣುವ ಹಳದಿ ರೋಗದ ಬಳಗ ಇದು. ಹರಡುವುದು ಬಿಳಿ ನೊಣ. ಇಲ್ಲಿ ಬೀಜದ ಪಾಲು ದೊಡ್ಡದಲ್ಲ. ಪಕ್ಕದ ಹೊಲದಿಂದ, ಬದುವಿನ ಕಳೆಯಿಂದ ನೊಣ ಹೊತ್ತು ತರುತ್ತದೆ.

ಇವೆರಡೂ ಅಲ್ಲದ ಹಳದಿಯೂ ಉಂಟು, ಅದರಲ್ಲೇ ಜನ ಹೆಚ್ಚು ಮೋಸ ಹೋಗುವುದು. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶ ಜಾಸ್ತಿ. ನಾಲ್ಕು ದಿನ ಬಿಡದೆ ಮಳೆ ಹಿಡಿದು ತಗ್ಗಿನಲ್ಲಿ ನೀರು ಮಡುಗಟ್ಟಿದರೆ ಗಿಡಕ್ಕೆ ಕಬ್ಬಿಣ ಸಿಗದೆ ಸುಳಿ ಎಲೆಗಳು ಬಿಳಿಚಿಕೊಳ್ಳುತ್ತವೆ. ನರಗಳು ಮಾತ್ರ ದಾರ ಎಳೆದಂತೆ ಹಸಿರಾಗಿರುತ್ತವೆ. ತಗ್ಗಿನ ಗಿಡಗಳೆಲ್ಲ ಒಂದೇ ಥರ ಬಿಳಿಚಿದ್ದರೆ, ಹೊಲ ಆರಿದಂತೆ ಹಸಿರು ಮರಳಿದರೆ ಅದು ನಂಜಲ್ಲ. ನಂಜು ಬಂದ ಗಿಡದ ಪಕ್ಕದಲ್ಲೇ ಪೂರ್ತಿ ಆರೋಗ್ಯದ ಗಿಡ ನಿಂತಿರುತ್ತದೆ. ಅನುಮಾನವಿದ್ದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಕಿ, ಸ್ವಲ್ಪ ನಿಂಬೆ ಉಪ್ಪು ಸೇರಿಸಿ ಹತ್ತು ಗಿಡಕ್ಕೆ ಸಿಂಪಡಿಸಿ. ವಾರದಲ್ಲಿ ಸುಳಿ ಹಸಿರಾದರೆ ಉತ್ತರ ಸಿಕ್ಕಿತು. ಇನ್ನು ಪಕ್ಕದ ಕಬ್ಬಿಗೋ ಜೋಳಕ್ಕೋ 2,4-ಡಿ ಕಳೆನಾಶಕ ಹೊಡೆದ ಮೂರ್ನಾಲ್ಕು ದಿನಕ್ಕೆ ಆ ದಿಕ್ಕಿನ ಸಾಲುಗಳೇ ಎಲೆ ಬಟ್ಟಲಾಗಿ ಕಾಂಡ ತಿರುಚಿಕೊಂಡರೆ ಅದು ಗಾಳಿಗೆ ತೂರಿ ಬಂದ ಔಷಧದ ಗಾಯ.

ಮನೆಯ ಬೀಜವೋ, ಕೊಂಡ ಬೀಜವೋ

ಮೊಸಾಯಿಕ್ ಬರುವ ಹೊಲದಲ್ಲಿ ಈ ಒಂದು ಆಯ್ಕೆ ಉಳಿದೆಲ್ಲ ಆಯ್ಕೆಗಳಿಗಿಂತ ತೂಕದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಮಾಡಿ ನೋಡೋಣ. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇಟ್ಟರೆ ಎಕರೆಗೆ ಸುಮಾರು 90,000 ಗಿಡ. ಬೀಜದಲ್ಲಿ ನೂರಕ್ಕೆ ಒಂದೇ ಒಂದು ನಂಜಿನದಿದ್ದರೂ ಹೊಲದಲ್ಲಿ 900 ರೋಗಿ ಗಿಡಗಳು ಹುಟ್ಟುತ್ತವೆ. ಅಂದರೆ ಯಾವ ಕಡೆ ನಡೆದರೂ ಸರಾಸರಿ ಏಳು ಅಡಿಗೊಂದು. ಹೇನು ಎಲ್ಲಿಂದಲೋ ನಂಜು ತರಬೇಕಿಲ್ಲ, ಹೊಲದೊಳಗೇ ಏಳು ಅಡಿಗೊಂದು ಅಂಗಡಿ ತೆರೆದಿದೆ. ತಳಿ ಮತ್ತು ನಂಜಿನ ಜಾತಿ ನೋಡಿಕೊಂಡು ಬೀಜದಿಂದ ದಾಟುವ ಪ್ರಮಾಣ ಶೇ 1ಕ್ಕಿಂತ ಕಡಿಮೆಯಿಂದ ಶೇ 30ರವರೆಗೂ ಹೋಗಬಲ್ಲದು.

ಇದನ್ನು ನಾನು ಕಲಿತದ್ದು ನನ್ನದೇ ಹೊಲದಲ್ಲಿ. ಒಂದು ವರ್ಷ ಅಲ್ಲಲ್ಲಿ ಮೊಸಾಯಿಕ್ ಬಂದಿತ್ತು, ಆದರೂ ಕಾಳು ದಪ್ಪಗೆ, ನುಣ್ಣಗೆ ಇತ್ತು. ಬೂದಿ ಬೆರೆಸಿ ಬೀಜಕ್ಕೆ ತೆಗೆದಿಟ್ಟೆ. ಮರುವರ್ಷ ಮೊದಲ ಮೂರೆಲೆ (ಮೂರು ದಳದ ಎಲೆ) ಬಿಚ್ಚುವಾಗಲೇ ಚಿತ್ತಾರ ಕಂಡಿತು. ಅಂಗಡಿಯವರು ಹೇಳಿದಂತೆ ಮೂರು ಸಲ ಎಣ್ಣಿ ಹೊಡೆದೆ. ಪಂಚಮಿ ಹೊತ್ತಿಗೆ ಹೊಲದ ಮುಕ್ಕಾಲು ಭಾಗ ಮುರುಟಿ ನಿಂತಿತ್ತು. ಕಾಳಿನ ಅಂದ ನೋಡಿ ಬೀಜ ಆರಿಸಿದ್ದು ತಪ್ಪಾಗಿತ್ತು. ನಂಜು ಕಾಳಿನ ಸಿಪ್ಪೆಯ ಮೇಲಲ್ಲ, ಒಳಗಿನ ಮೊಳಕೆಯಲ್ಲಿರುತ್ತದೆ. ತೊಳೆದರೂ, ಬಿಸಿಲಿಗೆ ಒಣಗಿಸಿದರೂ, ಯಾವ ಪುಡಿ ಬೆರೆಸಿದರೂ ಹೋಗದು.

ಹಾಗಂತ ಕೊಂಡ ಬೀಜವೆಲ್ಲ ಶುದ್ಧ ಎಂದೇನಿಲ್ಲ. ಚೀಲದ ಮೇಲಿನ ಚೀಟಿ ನೋಡಿ. ನೀಲಿ ಚೀಟಿಯದು ಪ್ರಮಾಣಿತ ಬೀಜ, ಬೆಳೆ ನಿಂತಾಗ ಹೊಲದ ತಪಾಸಣೆ ಆಗಿರುತ್ತದೆ. ಹಸಿರು ಚೀಟಿಯದು ಮಾರುವವನ ಸ್ವಂತ ಖಾತ್ರಿ ಮಾತ್ರ. ಸಂತೆಯಲ್ಲಿ ಅಡುಗೆಗೆ ಮಾರುವ ಕಾಳನ್ನು ಬಿತ್ತುವುದು ಇವೆಲ್ಲಕ್ಕಿಂತ ಕೆಟ್ಟ ಆಯ್ಕೆ. ಯಾವ ಹೊಲದ್ದು, ಎಷ್ಟು ಹೊಲಗಳದ್ದು ಎಂದೇ ಗೊತ್ತಿರುವುದಿಲ್ಲ. ರೈತ ಸಂಪರ್ಕ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕ, ಕಲಬುರಗಿ, ಬೀದರಿನ ಜನವಾಡ, ಯಾದಗಿರಿಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲು ವಿಚಾರಿಸಿ, ಏಪ್ರಿಲ್‌ನಲ್ಲೇ ವಿಚಾರಿಸಿ.

ಮನೆಯ ಬೀಜದ ಪರ ನಿಲ್ಲುವವರಿಗೆ ನಾನು ವಿರೋಧಿಯಲ್ಲ. ಅದು ಗೆಲ್ಲಬೇಕಾದರೆ ಎರಡು ಕೆಲಸ ಬೇಕು. ಹೂವಿಗೆ ಮೊದಲೇ ಆರೋಗ್ಯದ ಗಿಡಗಳಿಗೆ ಬಣ್ಣದ ದಾರ ಕಟ್ಟಿ, ದಾರ ಕಟ್ಟಿದ ಗಿಡದ ಕಾಯಿಯನ್ನಷ್ಟೇ ಬೀಜಕ್ಕೆ ಬಿಡಿಸಬೇಕು. ಕೊಯ್ಲಿನ ಹೊತ್ತಿಗೆ ಎಲೆ ಒಣಗಿರುತ್ತದೆ, ಆಗ ಯಾವುದು ರೋಗಿ ಎಂದು ಬ್ರಹ್ಮನಿಗೂ ಹೇಳಲಾಗದು. ಎರಡನೆಯದು ಬಿತ್ತನೆಗೆ ತಿಂಗಳು ಮೊದಲು ಪರೀಕ್ಷೆ. ಮುನ್ನೂರು ಬೀಜವನ್ನು ಟ್ರೇಯಲ್ಲೋ ಹಳೆಯ ಬುಟ್ಟಿಯಲ್ಲೋ ಊರಿ, ಹೇನು ನುಸುಳದ ತೆಳು ಬಟ್ಟೆಯ ಪರದೆ ಕಟ್ಟಿ, ಇಪ್ಪತ್ತು ದಿನ ಬೆಳೆಸಿ ಮೂರೆಲೆಗಳನ್ನು ನೋಡಿ. ಸೊಳ್ಳೆ ಪರದೆಯ ಕಣ್ಣಿನಲ್ಲಿ ಹೇನು ದಾಟುತ್ತದೆ, ಅದಕ್ಕೇ ತೆಳು ಬಟ್ಟೆ. ಮುನ್ನೂರರಲ್ಲಿ ಒಂದೂ ಚಿತ್ತಾರದ ಗಿಡ ಕಾಣದಿದ್ದರೆ ನಂಜು ಶೇ 1ಕ್ಕಿಂತ ಕಡಿಮೆ ಎಂದು ಬಹುಮಟ್ಟಿಗೆ ನಂಬಬಹುದು. ಮೂರ್ನಾಲ್ಕು ಕಂಡರೂ ಆ ಬೀಜ ಅಡುಗೆಗೆ ಹೋಗಲಿ. ಅಡುಗೆಗೆ ಯಾವ ದೋಷವೂ ಇಲ್ಲ, ಗಿಡದ ನಂಜು ಮನುಷ್ಯರಿಗಾಗಲಿ ದನಕ್ಕಾಗಲಿ ತಾಗುವುದಿಲ್ಲ.

ಎಕರೆಗೆ ಬೇಕಾಗುವುದು 8ರಿಂದ 10 ಕಿಲೊ ಬೀಜ. ಒಳ್ಳೆಯ ಬೀಜ ಇಮ್ಮಡಿ ಬೆಲೆಯದಾದರೂ ಎರಡು ಸಲ ಎಣ್ಣಿ, ಅದರ ಕೂಲಿ, ನೀರು ಹೊರುವ ಖರ್ಚನ್ನು ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿ ನೋಡಿ.

ಎಣ್ಣಿಯ ಶಕ್ತಿ ಎಲ್ಲಿಯವರೆಗೆ

ಎಣ್ಣಿ ಹೇನನ್ನು ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಮೊಸಾಯಿಕ್ ನಂಜನ್ನು ಹೇನು ಸಾಗಿಸುವ ರೀತಿ ವಿಚಿತ್ರ. ರೋಗದ ಗಿಡಕ್ಕೆ ಕೆಲವು ಸೆಕೆಂಡು ಸೂಜಿಬಾಯಿ ಚುಚ್ಚಿ ರುಚಿ ನೋಡಿದರೆ ಸಾಕು, ನಂಜು ಅಂಟಿತು. ಮುಂದಿನ ಗಿಡದ ಮೇಲೆ ಕೂತು ಮತ್ತೆ ಒಂದು ಕ್ಷಣ ಚುಚ್ಚಿದರೆ ಸಾಕು, ನಂಜು ದಾಟಿತು. ಎಣ್ಣಿ ತಾಗಿ ಅದು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಇನ್ನೂ ಒಂದು ಮಾತು. ಈ ಕೆಲಸಕ್ಕೆ ಅಲಸಂದಿಯ ಮೇಲೆ ಸಂಸಾರ ಹೂಡುವ ಕರಿಹೇನೇ ಬೇಕೆಂದಿಲ್ಲ. ಗಾಳಿಯಲ್ಲಿ ಹಾದುಹೋಗುವ ಬೇರೆ ಬೆಳೆಯ ರೆಕ್ಕೆಹೇನು ಇಳಿದು, ರುಚಿ ನೋಡಿ, ಬೇಡವೆಂದು ಹಾರಿಹೋದರೂ ನಂಜು ಬಿಟ್ಟುಹೋಗುತ್ತದೆ. "ಹೇನೇ ಕಾಣಲಿಲ್ಲ, ರೋಗ ಹೆಂಗ ಬಂತು?" ಎಂದು ಕೇಳುವವರಿಗೆ ಇದೇ ಉತ್ತರ.

ಬಿಳಿ ನೊಣದ ಹಳದಿ ನಂಜಿನಲ್ಲಿ ಪರಿಸ್ಥಿತಿ ಕೊಂಚ ಬೇರೆ. ನೊಣ ಹೆಚ್ಚು ಹೊತ್ತು ಕುಳಿತು ರಸ ಹೀರಬೇಕು, ನಂಜು ಅದರ ಮೈಯೊಳಗೆ ಸುತ್ತಿ ಬರಲು ಗಂಟೆಗಟ್ಟಲೆ ಬೇಕು. ಒಮ್ಮೆ ಹೊಕ್ಕರೆ ದಿನಗಟ್ಟಲೆ ಅದರೊಳಗೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಗಿಡದ ರಸದೊಳಗೆ ಸೇರುವ ಔಷಧ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ಅದಕ್ಕೂ ಸಿಂಪಡಣೆಗಿಂತ ಬೀಜೋಪಚಾರ ಮೇಲು ಎಂಬುದು ನನ್ನ ಆಯ್ಕೆ. ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಬೀಜೋಪಚಾರದ ರೂಪದಲ್ಲಿ ಸಿಗುತ್ತವೆ. ಮೊದಲ ಎರಡು ಮೂರು ವಾರ, ಗಿಡ ಎಳೆಯದಿರುವಾಗ, ಕಾವಲು ಕಾಯುತ್ತವೆ. ಅಲಸಂದಿಗೆ ಶಿಫಾರಸು ಇದೆಯೇ, ಕಿಲೊಗೆ ಎಷ್ಟು ಎಂಬುದನ್ನು ಲೇಬಲ್ ನೋಡಿ, ಕೃಷಿ ಅಧಿಕಾರಿಯನ್ನು ಕೇಳಿಯೇ ಬಳಸಿ. ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಸುವ ರೈಜೋಬಿಯಂ ಅಣುಜೀವಿ ಗೊಬ್ಬರ ಹಚ್ಚುವುದಿದ್ದರೆ ಔಷಧ ಮೊದಲು, ಅದು ಆರಿದ ಮೇಲೆ ನೆರಳಿನಲ್ಲಿ ರೈಜೋಬಿಯಂ, ಕೂಡಲೇ ಬಿತ್ತನೆ.

ಸಿಂಪಡಿಸಲೇಬೇಕೆಂದರೆ ಹೂ ಬಿಡುವ ಮೊದಲು. ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಜೇನ್ನೊಣ ಹೊಲ ತುಂಬಿರುತ್ತದೆ. ಹೇನು ತಿನ್ನುವ ಗುಲಗಂಜಿ ಹುಳಗಳಿದ್ದರೆ ಕೈ ತಡೆಯಿರಿ, ಅವು ನಿಮ್ಮ ಕೂಲಿಯಿಲ್ಲದ ಆಳು. ಜೇವರ್ಗಿ, ಶಹಾಪುರ, ಸುರಪುರದ ಹತ್ತಿ ಹೊಲಗಳ ಪಕ್ಕದವರು ಒಂದು ಎಚ್ಚರ ವಹಿಸಬೇಕು. ಹತ್ತಿಯೂ ಬಿಳಿ ನೊಣದ ತವರು. ಹುಳಕ್ಕೆಂದು ಪೈರೆಥ್ರಾಯ್ಡ್ ಜಾತಿಯ ಔಷಧವನ್ನು ಮೇಲಿಂದ ಮೇಲೆ ಹೊಡೆದಲ್ಲಿ ಬಿಳಿ ನೊಣ ಕಡಿಮೆಯಾಗುವ ಬದಲು ಉಕ್ಕಿ ಬರುತ್ತದೆ.

ಬದುವಿಗೆ ನಾಲ್ಕು ಸಾಲು ಸಜ್ಜೆ

ಹೇನಿನ ವಿರುದ್ಧ ಎಣ್ಣಿಗಿಂತ ನನಗೆ ಇದರ ಮೇಲೆ ನಂಬಿಕೆ. ಹೊಲದ ಸುತ್ತ ಮೂರ್ನಾಲ್ಕು ಸಾಲು ಸಜ್ಜೆ, ಜೋಳ ಅಥವಾ ಗೋವಿನಜೋಳ ಒತ್ತಾಗಿ ಹಾಕಿದರೆ ಗಾಳಿಯಲ್ಲಿ ಬರುವ ಹೇನು ಮೊದಲು ಆ ಎತ್ತರದ ಸಾಲಿನ ಮೇಲೆ ಇಳಿಯುತ್ತದೆ. ಅಲ್ಲಿ ಚುಚ್ಚಿ ನೋಡುವಾಗ ಅದರ ಬಾಯಿಗಂಟಿದ ನಂಜು ಒರೆಸಿಹೋಗುತ್ತದೆ. ಸಜ್ಜೆಗೆ ಆ ನಂಜು ತಾಗದು. ತೊಂದರೆ ಒಂದೇ: ಅಲಸಂದಿ ಮೊಳೆಯುವ ಹೊತ್ತಿಗೆ ಬದುವಿನ ಸಾಲು ಮೊಣಕಾಲೆತ್ತರ ಇರಬೇಕು. ಒಂದೇ ದಿನ ಬಿತ್ತಿದರೆ ಲಾಭ ಅರ್ಧಕ್ಕೆ ಇಳಿಯುತ್ತದೆ. ಮೊದಲ ಹದಕ್ಕೆ ಬದುವಿನ ಸಜ್ಜೆ, ಎರಡು ವಾರ ಬಿಟ್ಟು ಮುಂದಿನ ಹದಕ್ಕೆ ಅಲಸಂದಿ. ಮಳೆ ನಂಬಿದ ಒಕ್ಕಲುತನದಲ್ಲಿ ಇದು ಪ್ರತಿ ವರ್ಷ ಕೂಡಿ ಬರುವುದಿಲ್ಲ. ಕೂಡಿ ಬಂದ ವರ್ಷ ಬಿಡಬೇಡಿ. ಬೀಜ ನಂಜಿನದಾದರೆ ಈ ಗೋಡೆಯಿಂದ ಪ್ರಯೋಜನವಿಲ್ಲ, ಕಳ್ಳ ಒಳಗೇ ಇದ್ದಾನೆ.

ಹಳೆಯವರು ಸಜ್ಜೆಯ ನಡುವೆ ಅಕ್ಕಡಿಯಾಗಿ ಅಲಸಂದಿ ಹಾಕುತ್ತಿದ್ದರಲ್ಲ, ಅದರಲ್ಲಿ ಈ ರಕ್ಷಣೆ ತಾನೇ ತಾನಾಗಿ ಇತ್ತು. ಮನೆಗೆ ಬೇಕಾದಷ್ಟೇ ಬೆಳೆಯುವವರು ಆ ಪದ್ಧತಿ ಬಿಟ್ಟು ತನಿ ಬೆಳೆಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ತರಕಾರಿಗೆಂದು ಬೇಸಿಗೆಯಲ್ಲಿ ಬೆಳೆಯುವವರಿಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಇನ್ನೊಂದು ದಾರಿ. ಅದರ ಹೊಳಪಿಗೆ ಹೇನು, ಬಿಳಿ ನೊಣ ಎರಡೂ ಇಳಿಯಲು ಹಿಂಜರಿಯುತ್ತವೆ. ಖರ್ಚಿನ ಬಾಬತ್ತು, ಹನಿ ನೀರಾವರಿ ಇದ್ದವರಿಗಷ್ಟೇ ಸರಿ. ಹಳದಿ ಅಂಟು ಹಾಳೆಗಳು ನೊಣ ಬಂದಿದೆಯೇ ಎಂದು ತೋರಿಸುತ್ತವೆ, ಅದರಿಂದಲೇ ನೊಣ ತೀರುತ್ತದೆ ಎಂದು ನಂಬಬೇಡಿ.

"ನಿರೋಧಕ ತಳಿ" ಅಂದರೆ ಯಾವುದಕ್ಕೆ ನಿರೋಧಕ?

ಪೊಟ್ಟಣದ ಮೇಲೆ "ರೋಗ ನಿರೋಧಕ" ಎಂದಿದ್ದರೆ ಅಷ್ಟಕ್ಕೇ ತೃಪ್ತರಾಗಬೇಡಿ. ತರಕಾರಿ ಅಲಸಂದಿಯಲ್ಲಿ ವಾರಾಣಸಿಯ ತರಕಾರಿ ಸಂಶೋಧನಾ ಸಂಸ್ಥೆಯ ಕಾಶಿ ಕಾಂಚನ್, ಕಾಶಿ ಉನ್ನತಿ ತಳಿಗಳು ಬಿಳಿ ನೊಣದ ಬಂಗಾರದ ಮೊಸಾಯಿಕ್‌ಗೆ, ಅಂದರೆ ಮೇಲೆ ಹೇಳಿದ ಹಳದಿ ನಂಜಿಗೆ, ನಿರೋಧಕವೆಂದು ಹೆಸರಾದವು. ಗಿಡ್ಡ, ಪೊದೆ ಜಾತಿ, ಚಪ್ಪರ ಬೇಡ. ಕಾಲುವೆ ಸೀಮೆಯ ಬೇಸಿಗೆ ಬೆಳೆಗೆ ನಾನು ಮೊದಲು ನೋಡುವುದು ಇವನ್ನೇ. ಆದರೆ ಇವನ್ನು ಹೇನಿನ ಮೊಸಾಯಿಕ್‌ಗೂ ಕವಚ ಎಂದು ತಿಳಿಯಬಾರದು. ಪೂಸಾ ಕೋಮಲ್ ಕೂಡ ನಿರೋಧಕ ತಳಿಯೇ, ಆದರೆ ಅದರ ನಿರೋಧ ದುಂಡಾಣು ಅಂಗಮಾರಿಗೆ, ನಂಜಿಗಲ್ಲ. ಬೆಂಗಳೂರಿನ ಹೆಸರಘಟ್ಟದ ಅರ್ಕಾ ಗರಿಮಾ ಬಿಸಿಲು, ನೀರಿನ ಕೊರತೆ ತಡೆಯುವ ತಳಿ, ಅದೂ ಬೇರೆಯ ಗುಣ. ಕಾಳಿಗೆ ಬೆಳೆಯುವವರ ಕೈಯಲ್ಲಿ ಹಳೆಯ ಸಿ-152 ಇನ್ನೂ ಇದೆ. ಕಾಳಿನ ತಳಿಗಳಲ್ಲಿ ನಾನು ತಳಿಯ ಹೆಸರಿಗಿಂತ ಬೀಜದ ಶುದ್ಧತೆಯನ್ನೇ ಮೊದಲು ಕೇಳುತ್ತೇನೆ.

ಬೀದರ, ಆಳಂದ ಕಡೆ ಹೆಸರು ಉದ್ದು ಜಾಸ್ತಿ. ಹಳದಿ ರೋಗ ಹಿಡಿದ ಹೆಸರಿನ ಹೊಲದ ಮಗ್ಗುಲಲ್ಲಿ ತಡವಾಗಿ ಅಲಸಂದಿ ಬಿತ್ತುವುದು ಅಪಾಯ. ಹೆಸರು ಒಣಗತೊಡಗಿದಾಗ ನೊಣ ಹಸಿರು ಹುಡುಕಿ ನಿಮ್ಮ ಎಳೆ ಗಿಡಕ್ಕೇ ಬರುತ್ತದೆ. ಅಲ್ಲಿ ಹೆಸರನ್ನೇ ಐಪಿಎಂ 02-14ರಂಥ ಹಳದಿ ರೋಗ ತಡೆಯುವ ತಳಿಗೆ ಬದಲಿಸಿಕೊಂಡರೆ ಎರಡೂ ಬೆಳೆಗೆ ಉಪಕಾರ.

ಇಳುವರಿ ಎಷ್ಟು ಹೋಗುತ್ತದೆ

ಹೇನಿನ ಮೊಸಾಯಿಕ್‌ನಿಂದ ಆಗುವ ನಷ್ಟ ಶೇ 13ರಿಂದ 87ರವರೆಗೆ ಎಂದು ಬೇರೆಬೇರೆ ದೇಶಗಳ ವರದಿಗಳನ್ನು ಒಟ್ಟುಗೂಡಿಸಿದವರು ಬರೆದಿದ್ದಾರೆ. ಇಷ್ಟು ಅಂತರ ಏಕೆಂದರೆ ತಳಿ ಬೇರೆ, ನಂಜಿನ ಜಾತಿ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ಗಿಡಕ್ಕೆ ನಂಜು ತಾಗಿದ ವಯಸ್ಸು ಬೇರೆ. ಮೊದಲ ಮೂರ್ನಾಲ್ಕು ವಾರದಲ್ಲಿ ತಾಗಿದರೆ ಹೂವೇ ಕಡಿಮೆ. ಕಾಯಿ ಕಟ್ಟಿದ ಮೇಲೆ ತಾಗಿದರೆ ಎಲೆ ಕೆಟ್ಟು ಕಂಡರೂ ಕಾಳಿಗೆ ಹೆಚ್ಚು ಹಾನಿಯಿಲ್ಲ.

ಎರಡು ನಂಜು ಒಂದೇ ಗಿಡದಲ್ಲಿ ಕೂಡಿದರೆ ಏನಾಗುತ್ತದೆ ಎಂಬುದು ನನ್ನನ್ನು ಹೆದರಿಸಿದ ಸಂಗತಿ. ಅಮೆರಿಕದ ಜಾರ್ಜಿಯಾದಲ್ಲಿ ನಡೆದು 1978ರಲ್ಲಿ ಪ್ರಕಟವಾದ ಕೆಲಸದಲ್ಲಿ ಸೌತೆ ಮೊಸಾಯಿಕ್ ನಂಜು ಒಂಟಿಯಾಗಿ, ಅಲಸಂದಿಯ ಮೊಸಾಯಿಕ್ ನಂಜು ಒಂಟಿಯಾಗಿ ಇದ್ದಾಗ ಇಳುವರಿ ನಷ್ಟ ಶೇ 15ನ್ನು ದಾಟಲಿಲ್ಲ. ಎರಡೂ ಕೂಡಿದಾಗ ಶೇ 86ರಷ್ಟು ಹೋಯಿತು. ಎರಡನ್ನೂ ಹೇನೇ ಹೊರುತ್ತದೆ. ಹಾಗಾಗಿ ಸೌತೆ, ಹೀರೆ, ಕುಂಬಳದ ಬಳ್ಳಿಗಳ ಮಗ್ಗುಲಲ್ಲೇ ಅಲಸಂದಿ ಸಾಲು ಇಡುವ ನಮ್ಮ ತೋಟದ ರೂಢಿಯನ್ನು ನಾನು ಬಿಟ್ಟಿದ್ದೇನೆ.

ಇಪ್ಪತ್ತನೇ ದಿನ: ಕೀಳುವುದೋ, ಬಿಡುವುದೋ, ಹರಗುವುದೋ

ಬಿತ್ತಿ ಹನ್ನೆರಡು ಹದಿನೈದು ದಿನಕ್ಕೆ ಒಮ್ಮೆ, ಇಪ್ಪತ್ತಕ್ಕೆ ಇನ್ನೊಮ್ಮೆ ಹೊಲದಲ್ಲಿ ಕೋನದಿಂದ ಕೋನಕ್ಕೆ ನಡೆಯಿರಿ. ಐದು ಕಡೆ ನಿಂತು ಇಪ್ಪತ್ತಿಪ್ಪತ್ತು ಗಿಡ ಎಣಿಸಿ. ಹೊತ್ತು ಏರುವ ಮೊದಲು ನೋಡಿದರೆ ಚಿತ್ತಾರ ಸ್ಪಷ್ಟ ಕಾಣುತ್ತದೆ, ಮಧ್ಯಾಹ್ನದ ಬಿಸಿಲಿಗೆ ಎಲ್ಲ ಎಲೆಯೂ ಬಿಳಿಚಿದಂತೆ ತೋರುತ್ತದೆ.

ನೂರಕ್ಕೆ ಐದರೊಳಗೆ ಇದ್ದರೆ ಕೀಳುವುದು ಒಳ್ಳೆಯ ಆಯ್ಕೆ. ಮೊಸಾಯಿಕ್‌ನಲ್ಲಿ ಇದರಿಂದ ಸಿಗುವ ಲಾಭಕ್ಕೆ ಯಾವ ಎಣ್ಣಿಯೂ ಸಮವಲ್ಲ, ಏಕೆಂದರೆ ಬೀಜದಿಂದ ಬಂದ ಮೊದಲ ರೋಗಿಗಳನ್ನೇ ಹೊರಹಾಕುತ್ತೀರಿ. ಕಿತ್ತದ್ದನ್ನು ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ, ಸಾಲಿನಲ್ಲೇ ಬಿಸಾಡಿದರೆ ಹೇನು ಬಾಡುವ ಗಿಡ ಬಿಟ್ಟು ಪಕ್ಕದ ಗಿಡಕ್ಕೆ ಹತ್ತುತ್ತದೆ. ಹಳದಿ ನಂಜಿನಲ್ಲಿ ಕೀಳುವುದರಿಂದ ಅಷ್ಟು ಫಲವಿಲ್ಲ, ನೊಣ ಹೊರಗಿನಿಂದ ಮತ್ತೆ ಮತ್ತೆ ತರುತ್ತಲೇ ಇರುತ್ತದೆ. ಹೂ ಬಿಟ್ಟ ಮೇಲೆ ಎರಡರಲ್ಲೂ ಕೀಳುವ ಗೋಜು ಬೇಡ, ಬೀಜಕ್ಕೆ ಮಾತ್ರ ಅಲ್ಲಿಯ ಕಾಳು ಇಡಬೇಡಿ.

ಇಪ್ಪತ್ತನೇ ದಿನಕ್ಕೇ ಮೂರಲ್ಲೊಂದು ಗಿಡ ಮುರುಟಿದ್ದರೆ ನಾನು ಆ ಹೊಲದ ಮೇಲೆ ಇನ್ನೊಂದು ರೂಪಾಯಿ ಹಾಕುವುದಿಲ್ಲ. ಎಣ್ಣಿ ಹೊಡೆಯದ ಹೊಲವಾದರೆ ಹೂವಿಗೆ ಬರುವವರೆಗೆ ಬಿಟ್ಟು ಮೇವಿಗೆ ಕೊಯ್ಯಬಹುದು. ಪಕ್ಕದಲ್ಲಿ ಆರೋಗ್ಯದ ಅಲಸಂದಿ ಇದ್ದರೆ ಅಷ್ಟು ದಿನವೂ ಕಾಯದೆ ಕುಂಟೆ ಹೊಡೆದು ಹರಗಿಬಿಡಿ. ಎಲೆ ಬೇರು ಮಣ್ಣಿಗೆ ಸೇರಿ ಗೊಬ್ಬರವಾಗುತ್ತವೆ, ಈ ನಂಜು ಜೋಳಕ್ಕೆ ತಾಗುವುದಿಲ್ಲ, ಆಗಸ್ಟ್ ಸೆಪ್ಟೆಂಬರ್ ಮಳೆಯ ಹಸಿ ಹಿಡಿದ ಆ ಎರೆಹೊಲ ಹಿಂಗಾರಿ ಜೋಳಕ್ಕೆ ಸಿದ್ಧವಾಗಿರುತ್ತದೆ.